ಹೇರಿದ ಉಸಿರು

ಶಕ್ತಿಯನ್ನು ಗಳಿಸುವುದು ಒಂದು ವಿದ್ಯೆ. ಗಳಿಸಿದ ಶಕ್ತಿಯನ್ನು ತಾಳಿಕೊಳ್ಳುವುದು ಮತ್ತೊಂದು ವಿದ್ಯೆ. ಮೋಟಾರು ಕಾರಿನ ಎಂಜಿನ್ನಿನ ವಿಷಯದಲ್ಲಂತೂ ಈ ಮಾತು ಅಕ್ಷರಶಃ ಸತ್ಯ. ಕಾರಿಗೆ ಇನ್ನಷ್ಟು ವೇಗ ಬೇಕೆಂದು ಆಸೆಪಟ್ಟು, ಅದರ ಎಂಜಿನ್ನಿನೊಳಕ್ಕೆ ಗಾಳಿಯನ್ನು ಒತ್ತಿ ತುಂಬುವ ‘ಸೂಪರ್‌ಚಾರ್ಜರ್’ ಎಂಬ ಸಾಧನವನ್ನು ಜೋಡಿಸುವ ಸಾಹಸಿಗಳು ಅಂದೂ ಇದ್ದರು, ಇಂದೂ ಇದ್ದಾರೆ. ಜೋಡಿಸಿದ ದಿನ ಕಾರು ಹುಲಿಯಂತೆ ಮುನ್ನೆಗೆಯುತ್ತದೆ. ಆದರೆ ಆ ನೆಗೆತ ಎಷ್ಟು ಕಾಲ ಉಳಿದೀತು? ಕಾರು ಕೊಂಡವನು ನೆಚ್ಚಿಕೊಂಡು ಊರಿನಿಂದ ಊರಿಗೆ ಹೋಗಬಹುದೇ, ಅಥವಾ ನಡುದಾರಿಯಲ್ಲಿ ಎಂಜಿನ್ನಿನ ಮೇಲುಹೊದಿಕೆಯನ್ನೆತ್ತಿ ಹೊಗೆಯನ್ನು ನೋಡುತ್ತ ನಿಲ್ಲಬೇಕೇ?

ಈ ಪ್ರಶ್ನೆಯನ್ನು ಕುರಿತು ಮೋಟಾರು ಲೋಕದಲ್ಲಿ ನಡೆದ ಸುಪ್ರಸಿದ್ಧವಾದ ವಾದವೊಂದುಂಟು. ಅದು 1929ರಿಂದ 1931ರವರೆಗೆ ಇಂಗ್ಲೆಂಡಿನಲ್ಲಿ ನಡೆಯಿತು. ವಾದಿ ಪ್ರತಿವಾದಿಗಳಿಬ್ಬರೂ ಸ್ನೇಹಿತರೇ. ಇಬ್ಬರೂ ತಮ್ಮ ತಮ್ಮ ವಿದ್ಯೆಯಲ್ಲಿ ಅಗ್ರಗಣ್ಯರೇ. ಒಬ್ಬ ಎಂಜಿನ್ನನ್ನು ಕಟ್ಟಿದವನು. ಮತ್ತೊಬ್ಬ ಅದನ್ನು ಓಡಿಸಿದವನು. ಅವರ ವ್ಯಾಜ್ಯಕ್ಕೆ ತೀರ್ಪಿತ್ತದ್ದು ಯಾವ ನ್ಯಾಯಾಲಯವೂ ಅಲ್ಲ. ಫ್ರಾನ್ಸಿನ ಲ ಮಾನ್ ಎಂಬ ಊರಿನ ಹೊರಗಣ ರಸ್ತೆ.

ತಿದಿಯ ತತ್ತ್ವ

ಕಮ್ಮಾರನ ಕುಲುಮೆಯನ್ನು ಕಂಡವರಿಗೆ ಸೂಪರ್‌ಚಾರ್ಜರಿನ ತತ್ತ್ವವನ್ನು ಬೇರೆಯಾಗಿ ಬಿಡಿಸಿ ಹೇಳಬೇಕಾಗಿಲ್ಲ. ಇದ್ದಿಲು ಅಷ್ಟೇ ಇರುತ್ತದೆ, ಒಲೆಯೂ ಅಷ್ಟೇ ಇರುತ್ತದೆ. ಆದರೆ ತಿದಿಯೊತ್ತಿದ ಒಡನೆ ಬೆಂಕಿ ಕೆಂಪಿನಿಂದ ಬಿಳುಪಿಗೆ ತಿರುಗುತ್ತದೆ. ಉರಿಗೆ ಬೇಕಾದುದು ಕೇವಲ ಉರುವಲಲ್ಲ, ಗಾಳಿಯೂ ಬೇಕು ಎಂಬುದನ್ನು ಕಮ್ಮಾರ ಸಾವಿರಾರು ವರ್ಷಗಳ ಹಿಂದೆಯೇ ಬಲ್ಲವನಾಗಿದ್ದನು.

ಕಾರಿನ ಎಂಜಿನ್ ಕೂಡ ಒಂದು ಕುಲುಮೆಯೇ. ಒಂದು ತೂಕ ಪೆಟ್ರೋಲು ಪೂರ್ಣವಾಗಿ ಉರಿಯಬೇಕಾದರೆ ಸುಮಾರು 15 ತೂಕ ಗಾಳಿ ಬೇಕು. ಈ ಗಾಳಿಯನ್ನು ಸಾಮಾನ್ಯ ಎಂಜಿನ್ ತಾನೇ ಎಳೆದುಕೊಳ್ಳುತ್ತದೆ. ಸಿಲಿಂಡರಿನೊಳಗೆ ಪಿಸ್ಟನ್ ಕೆಳಗಿಳಿದಾಗ ಉಂಟಾಗುವ ತೆರಪಿಗೆ ಹೊರಗಿನ ವಾಯುವಿನ ಒತ್ತಡವೇ ಗಾಳಿಯನ್ನು ನೂಕುತ್ತದೆ. ನಿಮಿಷಕ್ಕೆ 3,500 ಸುತ್ತು ತಿರುಗುವ ಎಂಜಿನ್ನಿನಲ್ಲಿ ಹೀಗೆ ಉಸಿರೆಳೆಯಲು ದೊರೆಯುವ ಅವಕಾಶ ಒಂದು ಸೆಕೆಂಡಿನ ನೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಅಷ್ಟರಲ್ಲಿ ಸಿಲಿಂಡರ್ ಸಂಪೂರ್ಣವಾಗಿ ತುಂಬುವುದು ಕಷ್ಟ. ಎಂಜಿನ್ ಓಡಿದಷ್ಟೂ ಅದರ ಉಸಿರು ಕಟ್ಟುತ್ತ ಹೋಗುತ್ತದೆ.

ಆದ್ದರಿಂದ ಹೆಚ್ಚು ಶಕ್ತಿ ಬೇಕೆನ್ನುವವನಿಗೆ ಮುಖ್ಯವಾಗಿ ಎರಡು ದಾರಿಗಳಿವೆ. ಎಂಜಿನ್ನನ್ನೇ ದೊಡ್ಡದಾಗಿ ಕಟ್ಟುವುದು ಒಂದು. ಇದ್ದ ಎಂಜಿನ್ನಿಗೆ ತಿದಿಯನ್ನು ಕಟ್ಟಿ, ಗಾಳಿಯನ್ನು ಒತ್ತಿ ತುಂಬುವುದು ಇನ್ನೊಂದು. ಈ ಎರಡನೆಯ ದಾರಿಯ ಸಾಧನವೇ ಸೂಪರ್‌ಚಾರ್ಜರ್.

ಅದರ ಒಂದು ಪ್ರಸಿದ್ಧ ರೂಪಕ್ಕೆ ‘ರೂಟ್ಸ್ ಬ್ಲೋಯರ್’ ಎಂದು ಹೆಸರು. ಅಮೆರಿಕದ ಇಂಡಿಯಾನ ಪ್ರಾಂತ್ಯದ ರೂಟ್ಸ್ ಸಹೋದರರು 1860ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಒಂದು ಪೆಟ್ಟಿಗೆಯೊಳಗೆ, ಸೊಂಟ ಸಣ್ಣಗಾದ ಎಂಟರ ಅಂಕಿಯಂಥ ಎರಡು ತಿರುಗಣೆಗಳು ಒಂದನ್ನೊಂದು ಮುಟ್ಟದೆ ಎದುರುಬದುರಾಗಿ ತಿರುಗುತ್ತವೆ. ಒಂದು ಕಡೆಯಿಂದ ಗಾಳಿಯನ್ನು ಬಾಚಿ ಮತ್ತೊಂದು ಕಡೆಗೆ ತಳ್ಳುತ್ತವೆ. ಮೊದಲು ಅದನ್ನು ಬಳಸಿದ್ದು ಲೋಹ ಕರಗಿಸುವ ಕುಲುಮೆಗಳಿಗೆ, ಗಣಿಗಳಿಗೆ ಗಾಳಿಯೂಡುವುದಕ್ಕೆ. ಮುಂದೆ ಮೊದಲನೆಯ ಮಹಾಯುದ್ಧದ ಕಾಲದಲ್ಲಿ, ಗಾಳಿ ತೆಳುವಾಗುವ ಎತ್ತರದಲ್ಲಿ ವಿಮಾನದ ಎಂಜಿನ್ನು ಸೊರಗದಂತೆ ಮಾಡುವ ಪ್ರಯತ್ನಗಳು ನಡೆದವು. ಯುದ್ಧ ಮುಗಿದ ಕೆಲವೇ ವರ್ಷಗಳಲ್ಲಿ ಜರ್ಮನಿಯ ಮರ್ಸಿಡಿಸ್ ಕಾರುಗಳಲ್ಲಿ ಸೂಪರ್‌ಚಾರ್ಜರ್ ಕಾಣಿಸಿಕೊಂಡಿತು. ಕಮ್ಮಾರನ ತಿದಿ ಹೀಗೆ ರಸ್ತೆಗಿಳಿಯಿತು.

ಕಟ್ಟಿದವನು, ಓಡಿಸಿದವನು

ವಾಲ್ಟರ್ ಓವನ್ ಬೆಂಟ್ಲಿ ಹುಟ್ಟಿದ್ದು 1888ರಲ್ಲಿ. ಆತ ಮೋಟಾರು ವಿದ್ಯೆಗೆ ಬಂದದ್ದು ರೈಲಿನ ದಾರಿಯಿಂದ. ಡಾಂಕಾಸ್ಟರಿನ ರೈಲ್ವೆ ಕಾರ್ಖಾನೆಯಲ್ಲಿ ಉಗಿಬಂಡಿಗಳ ನಡುವೆ ಉಮೇದುವಾರನಾಗಿ ಕೆಲಸ ಕಲಿತನು. ದಿನವೂ ನೂರಾರು ಮಂದಿಯನ್ನು ಹೊತ್ತು, ಹೇಳಿದ ವೇಳೆಗೆ ಹೇಳಿದ ಊರನ್ನು ಸೇರಬೇಕಾದ ಯಂತ್ರಗಳ ಸಹವಾಸ ಅದು. ಯುದ್ಧಕಾಲದಲ್ಲಿ ವಿಮಾನದ ಎಂಜಿನ್ನುಗಳಲ್ಲಿ ಅಲ್ಯೂಮಿನಿಯಂ ಪಿಸ್ಟನ್ನುಗಳನ್ನು ಬಳಕೆಗೆ ತಂದು ಹೆಸರು ಗಳಿಸಿದನು. ಹಾರುವಾಗ ಎಂಜಿನ್ ನಿಂತರೆ ಏನಾಗುತ್ತದೆಂಬುದನ್ನು ಆತನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. 1919ರಲ್ಲಿ ಸ್ವಂತ ಕಂಪನಿಯನ್ನು ಸ್ಥಾಪಿಸಿದಾಗ ಆತನ ಮನಸ್ಸಿನಲ್ಲಿ ಬೇರೂರಿದ್ದ ತತ್ತ್ವ ಇದೇ: ಯಂತ್ರ ಮೊದಲು ನಂಬಿಕೆಗೆ ಅರ್ಹವಾಗಿರಬೇಕು, ವೇಗ ಆಮೇಲೆ ಬರಲಿ.

ಆ ನಂಬಿಕೆಯನ್ನು ಒರೆಗೆ ಹಚ್ಚುವುದಕ್ಕೆ ಲ ಮಾನ್ ಓಟಕ್ಕಿಂತ ಮಿಗಿಲಾದ ಕಲ್ಲಿರಲಿಲ್ಲ. 1923ರಲ್ಲಿ ಆರಂಭವಾದ ಈ ಸ್ಪರ್ಧೆಯಲ್ಲಿ ಕಾರುಗಳು ಹಗಲೂ ರಾತ್ರಿ 24 ಗಂಟೆಗಳ ಕಾಲ ಓಡಬೇಕು. ನಿಮಿಷಕ್ಕೆ 3,500 ಸುತ್ತಿನಂತೆ 24 ಗಂಟೆ ತಿರುಗಿದ ಎಂಜಿನ್ 50 ಲಕ್ಷ ಸುತ್ತುಗಳನ್ನು ಮುಗಿಸಿರುತ್ತದೆ. ಅದರಲ್ಲಿ ಯಾವುದೊಂದು ಸುತ್ತು ತಪ್ಪಿದರೂ ಓಟ ಮುಗಿಯಿತು. ಬೆಂಟ್ಲಿಯ ಕಾರು 1924ರಲ್ಲಿ ಅಲ್ಲಿ ಗೆದ್ದಿತು. 1927ರಲ್ಲಿ ಮತ್ತೆ ಗೆದ್ದಿತು. ಎದುರಾಳಿಗಳು ಬಲಿತಂತೆ ಬೆಂಟ್ಲಿ ಎಂಜಿನ್ನನ್ನು ದೊಡ್ಡದು ಮಾಡುತ್ತ ಹೋದನು: 3 ಲೀಟರಿನಿಂದ ನಾಲ್ಕೂವರೆ ಲೀಟರಿಗೆ, ಅಲ್ಲಿಂದ ಆರು ಸಿಲಿಂಡರುಗಳ ಆರೂವರೆ ಲೀಟರಿಗೆ. ನಾಲ್ಕೂವರೆ ಲೀಟರಿನ ಕಾರು 1928ರ ಲ ಮಾನ್ ಓಟವನ್ನು ಗೆದ್ದಿತು. ನಿಧಾನವಾಗಿ ಉಸಿರಾಡುವ ದೊಡ್ಡ ಎದೆ ಓಡಿ ದಣಿಯುವುದಿಲ್ಲವೆಂಬುದು ಆತನ ಸಿದ್ಧಾಂತ.

ಹೆನ್ರಿ ಬರ್ಕಿನ್ ಬೇರೆಯೇ ಬಗೆಯ ಮನುಷ್ಯ. ಗೆಳೆಯರು ಕರೆಯುತ್ತಿದ್ದುದು ‘ಟಿಮ್’ ಎಂದು. 1896ರಲ್ಲಿ ನಾಟಿಂಗ್‌ಹ್ಯಾಮ್ ನಗರದ ಶ್ರೀಮಂತ ಮನೆತನದಲ್ಲಿ ಜನಿಸಿದವನು. ಲೇಸಿನ ವ್ಯಾಪಾರ ಆ ಮನೆತನದ್ದು. ಯುದ್ಧದಲ್ಲಿ ವಾಯುದಳ ಸೇರಿ ಪ್ಯಾಲೆಸ್ಟೈನಿಗೆ ಹೋಗಿ, ಅಲ್ಲಿ ಮಲೇರಿಯಾ ತಗುಲಿಸಿಕೊಂಡು ಬಂದನು. ಮಾತಿನಲ್ಲಿ ತೊದಲು, ಆಳು ಸಣ್ಣದು. ಆದರೆ ಕೊರಳಿಗೆ ನೀಲಿ ಬಿಳಿ ಚುಕ್ಕೆಯ ರೇಷ್ಮೆ ವಸ್ತ್ರವನ್ನು ಸುತ್ತಿ ಸ್ಟಿಯರಿಂಗ್ ಚಕ್ರದ ಹಿಂದೆ ಕುಳಿತನೆಂದರೆ ಅವನ ಸಮನಾದವರು ಇಂಗ್ಲೆಂಡಿನಲ್ಲಿ ವಿರಳ. ಯೂರೋಪಿನ ಓಟದ ಬಯಲುಗಳಲ್ಲಿ ಸೂಪರ್‌ಚಾರ್ಜರ್ ಹೊತ್ತ ಕಾರುಗಳು ಚಿಮ್ಮುವುದನ್ನು ಅವನು ಕಣ್ಣಾರೆ ಕಂಡಿದ್ದನು. ಭಾರವನ್ನು ಹೆಚ್ಚಿಸದೆ ಬಲವನ್ನು ಹೆಚ್ಚಿಸಬೇಕು. ನಾಲ್ಕೂವರೆ ಲೀಟರಿನ ಬೆಂಟ್ಲಿಗೆ ಸೂಪರ್‌ಚಾರ್ಜರ್ ತೊಡಿಸಿದರೆ ಅದನ್ನು ಮೀರಿಸುವವರಿಲ್ಲ ಎಂಬುದು ಅವನ ಹಟ.

ಬೆಂಟ್ಲಿ ಒಪ್ಪಲಿಲ್ಲ. ತಾನು ಕಟ್ಟಿದ ಎಂಜಿನ್ನಿಗೆ ಹೊರಗಿನಿಂದ ಉಸಿರನ್ನು ಹೇರುವುದೆಂದರೆ ಅದರ ಸ್ವಭಾವವನ್ನೇ ಕೆಡಿಸಿದಂತೆ ಎಂದು ಆತ ಬಗೆದನು. ಆ ಅಭಿಪ್ರಾಯವನ್ನು ಕಡೆಯವರೆಗೂ ಬದಲಿಸಲಿಲ್ಲ.

ಆದರೆ ಕಂಪನಿ ಆ ವೇಳೆಗೆ ಆತನ ಕೈಯಲ್ಲಿರಲಿಲ್ಲ. ಹಣದ ಮುಗ್ಗಟ್ಟಿನಲ್ಲಿ ಅದನ್ನು ಉಳಿಸಿದವನು ವುಲ್ಫ್ ಬರ್ನಾಟೊ, ದಕ್ಷಿಣ ಆಫ್ರಿಕದ ವಜ್ರದ ಗಣಿಗಳಿಂದ ಬಂದ ಐಶ್ವರ್ಯಕ್ಕೆ ಉತ್ತರಾಧಿಕಾರಿಯಾದವನು. ಸ್ವತಃ ಲ ಮಾನಿನಲ್ಲಿ ಗೆದ್ದ ಚಾಲಕ. ಬರ್ಕಿನ್ ಆತನನ್ನು ಒಪ್ಪಿಸಿದನು. ಸೂಪರ್‌ಚಾರ್ಜರನ್ನು ರೂಪಿಸುವ ಕೆಲಸವನ್ನು ಆಂಹರ್ಸ್ಟ್ ವಿಲಿಯರ್ಸ್ ಎಂಬ ತರುಣ ಎಂಜಿನಿಯರ್ ವಹಿಸಿಕೊಂಡನು. ಓಟದ ಕಾರುಗಳನ್ನು ಸಿದ್ಧಪಡಿಸಲು ವೆಲ್ವಿನ್ ಎಂಬಲ್ಲಿ ಬೇರೆಯೇ ಕಾರ್ಖಾನೆ ತೆರೆಯಿತು. ಬರ್ಕಿನ್ನನ ಸ್ವಂತ ಹಣ ಕರಗಿದಾಗ ನೆರವಿಗೆ ಬಂದವಳು ಡೊರೊತಿ ಪ್ಯಾಜೆಟ್. ಮುಂದೆ ಕುದುರೆ ಪಂದ್ಯಗಳಲ್ಲಿ ‘ಗೋಲ್ಡನ್ ಮಿಲ್ಲರ್’ ಎಂಬ ಕುದುರೆಯ ಒಡತಿಯಾಗಿ ಖ್ಯಾತಳಾದವಳು ಈಕೆಯೇ. ಲ ಮಾನ್ ಸ್ಪರ್ಧೆಗೆ ಅರ್ಹತೆ ದೊರೆಯಬೇಕಾದರೆ ಅಂಥ 50 ಕಾರುಗಳನ್ನು ಸಾರ್ವಜನಿಕರ ಮಾರಾಟಕ್ಕೆ ಕಟ್ಟಬೇಕಾಗಿದ್ದಿತು. ಬರ್ನಾಟೊ ಅದಕ್ಕೂ ಸಮ್ಮತಿಸಿದನು. ಹೀಗೆ, ಬೆಂಟ್ಲಿಯ ಹೆಸರನ್ನು ಹೊತ್ತ ಕಾರು ಬೆಂಟ್ಲಿಯ ಮನಸ್ಸಿಗೆ ವಿರುದ್ಧವಾಗಿ ಜನ್ಮ ತಾಳಿತು. ಜನ ಅದನ್ನು ‘ಬ್ಲೋಯರ್ ಬೆಂಟ್ಲಿ’ ಎಂದು ಕರೆದರು.

ಒಳಗೆ ನಡೆಯುವುದೇನು?

ಮಾರಾಟದ ನಾಲ್ಕೂವರೆ ಲೀಟರ್ ಕಾರಿನ ಎಂಜಿನ್ನಿಗೆ ಸುಮಾರು 110 ಅಶ್ವಶಕ್ತಿ. ಸೂಪರ್‌ಚಾರ್ಜರ್ ತೊಟ್ಟ ಮೇಲೆ ಅದು 175ಕ್ಕೆ ಏರಿತು. ಓಟಕ್ಕೆಂದು ಸಜ್ಜುಗೊಳಿಸಿದ ಎಂಜಿನ್ನಿನ 130 ಅಶ್ವಶಕ್ತಿ 240ರವರೆಗೆ ಬೆಳೆಯಿತು. ಸಿಲಿಂಡರುಗಳು ಅವೇ ನಾಲ್ಕು. ಅವುಗಳ ಅಗಲ ಅದೇ 100 ಮಿಲಿಮೀಟರ್. ಪಿಸ್ಟನ್ ಚಲಿಸುವ ದೂರ ಅದೇ 140 ಮಿಲಿಮೀಟರ್. ಬಲ ಮಾತ್ರ ಹೆಚ್ಚುಕಡಮೆ ಇಮ್ಮಡಿ. ಕಾಗದದ ಮೇಲೆ ಇದು ಇಂದ್ರಜಾಲ. ಕಬ್ಬಿಣದ ಮೇಲೆ ಇದು ಸಾಲ. ಬಡ್ಡಿ ಕಟ್ಟಬೇಕಾದವು ಎಂಜಿನ್ನಿನ ಅಂಗಾಂಗಗಳು.

ಮೊದಲನೆಯ ಬಡ್ಡಿ ಉಷ್ಣದ್ದು. ಸೈಕಲ್ಲಿಗೆ ಗಾಳಿ ಹೊಡೆದವರೆಲ್ಲರೂ ಪಂಪಿನ ಬುಡ ಬಿಸಿಯಾಗುವುದನ್ನು ಬಲ್ಲರು. ಗಾಳಿಯನ್ನು ಒತ್ತಿದರೆ ಅದು ಕಾಯುತ್ತದೆ. ಹೀಗೆ ಮೊದಲೇ ಕಾದ ಗಾಳಿ ಸಿಲಿಂಡರನ್ನು ಹೊಕ್ಕು, ಅಲ್ಲಿ ಪಿಸ್ಟನ್ನಿನಿಂದ ಮತ್ತೊಮ್ಮೆ ಒತ್ತಿಸಿಕೊಳ್ಳುತ್ತದೆ. ಆಗ ಸ್ಪಾರ್ಕ್ ಪ್ಲಗ್ಗಿನ ಕಿಡಿಯಿಂದ ಹೊರಟ ಜ್ವಾಲೆ ಮೂಲೆ ಮೂಲೆಗೆ ಹಬ್ಬುವ ಮುನ್ನವೇ, ದೂರದಲ್ಲಿ ಉಳಿದ ಪೆಟ್ರೋಲಿನ ಆವಿ ತಾನೇ ತಾನಾಗಿ ಒಮ್ಮೆಗೇ ಸಿಡಿಯಬಹುದು. ಮೆಕ್ಯಾನಿಕ್ಕುಗಳು ‘ನಾಕಿಂಗ್’ ಎನ್ನುವುದು ಇದನ್ನೇ. ಸುವ್ಯವಸ್ಥಿತವಾದ ಉರಿ ಪಿಸ್ಟನ್ನನ್ನು ಅಂಗೈಯಿಂದ ತಳ್ಳಿದಂತೆ ತಳ್ಳುತ್ತದೆ. ನಾಕಿಂಗ್ ಸುತ್ತಿಗೆಯಿಂದ ಬಡಿದಂತೆ ಬಡಿಯುತ್ತದೆ. ಅದು ಮುಂದುವರಿದರೆ ಅಲ್ಯೂಮಿನಿಯಂ ಪಿಸ್ಟನ್ನಿನ ನೆತ್ತಿ ಸವೆದು, ಕರಗಿ, ತೂತು ಬೀಳುವುದೂ ಉಂಟು.

ಎರಡನೆಯ ಬಡ್ಡಿ ಒತ್ತಡದ್ದು. ಸಿಲಿಂಡರಿನಲ್ಲಿ ಹುಟ್ಟಿದ ಬಲವೆಲ್ಲ ಕನೆಕ್ಟಿಂಗ್ ರಾಡಿನ ಮೂಲಕ ಕ್ರ್ಯಾಂಕ್‌ಷಾಫ್ಟಿಗೆ ಇಳಿದು, ಅಲ್ಲಿಂದ ಬೇರಿಂಗುಗಳ ಮೇಲೆ ಬೀಳುತ್ತದೆ. ಲೋಹಕ್ಕೂ ಲೋಹಕ್ಕೂ ನಡುವೆ ನಿಂತು ಕಾಯುವುದು ಕೂದಲೆಳೆಗಿಂತಲೂ ತೆಳುವಾದ ಎಣ್ಣೆಯ ಪದರ. ಅದು ಬಿಸಿಯಾಗಿ ತೆಳುವಾದರೆ, ಅಥವಾ ಒತ್ತಡಕ್ಕೆ ಸಿಲುಕಿ ಹರಿದರೆ, ಬೇರಿಂಗಿನ ಆಯುಸ್ಸು ನಿಮಿಷಗಳ ಲೆಕ್ಕಕ್ಕೆ ಇಳಿಯುತ್ತದೆ.

ಮೂರನೆಯದು ವೇಗದ ಬಡ್ಡಿ. ಉಸಿರು ಕಟ್ಟದ ಎಂಜಿನ್ ಇನ್ನೂ ವೇಗವಾಗಿ ತಿರುಗಬಲ್ಲುದು. ತಿರುಗಿಸುವ ಆಸೆಯೂ ಚಾಲಕನಿಗೆ ಹುಟ್ಟುತ್ತದೆ. ಬ್ಲೋಯರ್ ಬೆಂಟ್ಲಿಯ ಸಾಮಾನ್ಯ ಕಾರು ತನ್ನ ಪೂರ್ಣಶಕ್ತಿಯನ್ನು ತೋರುತ್ತಿದ್ದುದು ನಿಮಿಷಕ್ಕೆ 3,500 ಸುತ್ತಿನಲ್ಲಿ. ಓಟದ ಕಾರು 4,200 ಸುತ್ತಿನಲ್ಲಿ. ಏರಿದ್ದು ಐದರಲ್ಲಿ ಒಂದು ಪಾಲು ಮಾತ್ರವೆಂದು ತೋರಬಹುದು. ಆದರೆ ಮೇಲೂ ಕೆಳಗೂ ಹರಿದಾಡುವ ಪಿಸ್ಟನ್ನು ಕನೆಕ್ಟಿಂಗ್ ರಾಡನ್ನು ಜಗ್ಗುವ ಬಲ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಆ ಲೆಕ್ಕದಲ್ಲಿ ಜಗ್ಗಾಟ ಏರಿದ್ದು ನೂರಕ್ಕೆ 44ರಷ್ಟು.

ವಿಲಿಯರ್ಸ್ ಇದನ್ನು ಅರಿಯದವನಲ್ಲ. ಆತನ ಕೆಲಸ ಕೇವಲ ಪೆಟ್ಟಿಗೆಯನ್ನು ತಗುಲಿಸುವುದರಲ್ಲಿ ಮುಗಿಯಲಿಲ್ಲ. ಹೆಚ್ಚು ಗಟ್ಟಿಮುಟ್ಟಾದ ಕ್ರ್ಯಾಂಕ್‌ಷಾಫ್ಟ್, ಬಲವಾದ ಕನೆಕ್ಟಿಂಗ್ ರಾಡುಗಳು, ಬೇರೆಯ ಪಿಸ್ಟನ್ನುಗಳು ಬಂದವು. ಬೆಂಟ್ಲಿಯ ಎಂಜಿನ್ನಿನ ಒಂದು ಗುಣ ಅವನಿಗೆ ಅನುಕೂಲವೂ ಆಯಿತು. ಬಹುಮಟ್ಟಿನ ಎಂಜಿನ್ನುಗಳಲ್ಲಿ ಸಿಲಿಂಡರಿನ ಮೇಲೆ ಬೇರೆಯೊಂದು ‘ಹೆಡ್’ ಕೂಡಿಸಿ, ನಡುವೆ ಗ್ಯಾಸ್ಕೆಟ್ ಇಟ್ಟು ಬಿಗಿಯುತ್ತಾರೆ. ಒಳಗಣ ಒತ್ತಡ ಹೆಚ್ಚಿದಾಗ ಮೊದಲು ಸೋಲುವುದು ಈ ಗ್ಯಾಸ್ಕೆಟ್ಟೇ. ಬೆಂಟ್ಲಿಯಾದರೋ ಸಿಲಿಂಡರನ್ನೂ ಹೆಡ್ಡನ್ನೂ ಒಂದೇ ಎರಕದಲ್ಲಿ ಹೊಯ್ದಿದ್ದನು. ಸೋರುವುದಕ್ಕೆ ಅಲ್ಲಿ ಸಂದೇ ಇರಲಿಲ್ಲ. ಆದರೆ ಸಂಕಟ ಒಂದು ಬಾಗಿಲು ಮುಚ್ಚಿದರೆ ಮತ್ತೊಂದನ್ನು ತಟ್ಟುತ್ತದೆ. ಇಲ್ಲಿ ಅದು ಪಿಸ್ಟನ್ನು, ವಾಲ್ವು, ಪ್ಲಗ್ಗುಗಳನ್ನು ಹುಡುಕಿಕೊಂಡು ಹೋಯಿತು.

ಸೂಪರ್‌ಚಾರ್ಜರನ್ನು ಕೂಡಿಸಿದ ಸ್ಥಳವೂ ಈ ಮದುವೆಯ ಮನಸ್ತಾಪವನ್ನು ಸಾರಿ ಹೇಳುತ್ತಿದ್ದಿತು. ಎಂಜಿನ್ನಿನ ಪಕ್ಕದಲ್ಲಿ ಅದಕ್ಕೆ ಎಡೆ ದೊರೆಯಲಿಲ್ಲ. ಆದಕಾರಣ ಅದು ರೇಡಿಯೇಟರಿನ ಮುಂದೆ, ಕೆಳಗೆ, ಮೂಗುತಿಯಂತೆ ಹೊರಕ್ಕೆ ಚಾಚಿಕೊಂಡು ನಿಂತಿತು. ಕ್ರ್ಯಾಂಕ್‌ಷಾಫ್ಟಿನ ಮುಂದಿನ ತುದಿಯಿಂದಲೇ ತಿರುಗುತ್ತಿದ್ದಿತು. ಅದರ ಪಕ್ಕದಲ್ಲಿ ಎರಡು ದೊಡ್ಡ ಕಾರ್ಬ್ಯುರೇಟರುಗಳು. ಭಾರವೆಲ್ಲ ಮುಂಗಾಲಿಗೆ ಬಿದ್ದು, ತಿರುವುಗಳಲ್ಲಿ ಕಾರು ಬಾಗಲೊಲ್ಲದೆ ನೇರಕ್ಕೆ ಜಾರುತ್ತಿದ್ದಿತು. ನೋಡುವವರಿಗೆ ಮಾತ್ರ ಆ ಮೂಗುತಿಯೇ ಕಾರಿನ ಸೊಬಗಾಯಿತು.

ರಸ್ತೆಯ ತೀರ್ಪು

1929ರ ಲ ಮಾನ್ ಓಟಕ್ಕೆ ಬ್ಲೋಯರ್ ಕಾರುಗಳು ಸಿದ್ಧವಾಗಲಿಲ್ಲ. ಬರ್ಕಿನ್ ಬೇರೆ ದಾರಿಯಿಲ್ಲದೆ, ಬೆಂಟ್ಲಿಯ ಮೆಚ್ಚಿನ ಆರೂವರೆ ಲೀಟರಿನ ‘ಸ್ಪೀಡ್ ಸಿಕ್ಸ್’ ಕಾರನ್ನು ಬರ್ನಾಟೊನ ಜೊತೆಗೂಡಿ ಓಡಿಸಿದನು, ಗೆದ್ದನು. ಎರಡನೆಯ, ಮೂರನೆಯ, ನಾಲ್ಕನೆಯ ಸ್ಥಾನಗಳನ್ನು ಪಡೆದ ಕಾರುಗಳೂ ಬೆಂಟ್ಲಿಗಳೇ. ಅವು ಸೂಪರ್‌ಚಾರ್ಜರ್ ಇಲ್ಲದ ನಾಲ್ಕೂವರೆ ಲೀಟರಿನವು. ಯಾವ ಎಂಜಿನ್ನಿಗೆ ಬಲ ಸಾಲದೆಂದು ಬರ್ಕಿನ್ ಕೊರಗುತ್ತಿದ್ದನೋ ಅದೇ ಎಂಜಿನ್, ತನ್ನ ಸಹಜವಾದ ಉಸಿರಿನಲ್ಲಿ, 24 ಗಂಟೆಗಳನ್ನು ಮೂರು ಕಾರುಗಳಲ್ಲಿ ತಾಳಿಕೊಂಡಿತ್ತು. ಇದಾದ ಕೆಲವೇ ದಿನಗಳಲ್ಲಿ ಬ್ರೂಕ್‌ಲ್ಯಾಂಡ್ಸಿನ 6 ಗಂಟೆಗಳ ಓಟದಲ್ಲಿ ಬ್ಲೋಯರ್ ಕಾರು ಮೊದಲ ಬಾರಿಗೆ ಸ್ಪರ್ಧೆಗಿಳಿಯಿತು. ಓಟವನ್ನು ಅದು ಮುಗಿಸಲಿಲ್ಲ.

1930ರ ಜೂನ್ 21ರಂದು ಲ ಮಾನಿನಲ್ಲಿ ನಿಜವಾದ ಪರೀಕ್ಷೆ ಬಂದಿತು. ಎದುರಾಳಿ ಒಬ್ಬನೇ, ಆದರೆ ಭೀಕರ. ಜರ್ಮನಿಯ ರುಡಾಲ್ಫ್ ಕರಾಚಿಯೋಲ 7 ಲೀಟರಿನ ಮರ್ಸಿಡಿಸ್ ಕಾರನ್ನು ತಂದಿದ್ದನು. ಅದಕ್ಕೂ ಸೂಪರ್‌ಚಾರ್ಜರ್ ಇದ್ದಿತು. ಆದರೆ ಜರ್ಮನರ ಉಪಾಯ ಬೇರೆ. ಅವರ ತಿದಿ ಸದಾ ಊದುತ್ತಿರಲಿಲ್ಲ; ಚಾಲಕ ಪೆಡಲನ್ನು ನೆಲಕ್ಕೆ ಒತ್ತಿದಾಗ ಮಾತ್ರ ಕ್ಲಚ್ಚೊಂದು ಕೂಡಿಕೊಂಡು ಕೆಲವು ಕ್ಷಣ ಕೆಲಸ ಮಾಡಿ ಬಿಡುಗಡೆಯಾಗುತ್ತಿದ್ದಿತು. ಎಂಜಿನ್ನಿಗೆ ವಿಶ್ರಾಂತಿ ಬೇಕೆಂಬುದನ್ನು ಅವರು ಯಂತ್ರದಲ್ಲಿಯೇ ಬರೆದಿಟ್ಟಿದ್ದರು. ಬರ್ಕಿನ್ನನ ಸೂಪರ್‌ಚಾರ್ಜರಾದರೋ ಎಂಜಿನ್ ತಿರುಗುವವರೆಗೂ ತಿರುಗುತ್ತಲೇ ಇರುವಂಥದು.

ಓಟದ ಆರಂಭದ ಸುತ್ತುಗಳಲ್ಲಿಯೇ ಬರ್ಕಿನ್ ಮರ್ಸಿಡಿಸಿನ ಬೆನ್ನು ಹತ್ತಿದನು. ಮುಲ್ಸಾನಿನ ನೇರದಾರಿಯಲ್ಲಿ, ಗಂಟೆಗೆ 120 ಮೈಲಿಗೂ ಮೀರಿದ ವೇಗದಲ್ಲಿ, ರಸ್ತೆಯಂಚಿನ ಹುಲ್ಲಿನ ಮೇಲೆ ಚಕ್ರವನ್ನಿಳಿಸಿ ಕರಾಚಿಯೋಲನನ್ನು ದಾಟಿದನು. ಅವನ ಹಿಂದಿನ ಟೈರಿನ ಮೇಲ್ಪದರ ಕಿತ್ತು ಹಾರುತ್ತಿದ್ದರೂ ವೇಗವನ್ನಿಳಿಸಲಿಲ್ಲ. ಆ ದೃಶ್ಯವನ್ನು ಮೋಟಾರು ಓಟದ ಇತಿಹಾಸಕಾರರು ಇಂದಿಗೂ ಮರೆತಿಲ್ಲ. ಮರ್ಸಿಡಿಸನ್ನು ಕೆರಳಿಸಿ, ಅದರ ಎಂಜಿನ್ನನ್ನು ಮಿತಿಮೀರಿ ಓಡಿಸುವಂತೆ ಮಾಡುವುದೇ ಬರ್ಕಿನ್ನನ ತಂತ್ರವಾಗಿತ್ತೆಂದು ಕೆಲವರ ಮತ. ಅವನು ಗೆಲ್ಲಲೆಂದೇ ಓಡಿದನೆಂದು ಮತ್ತೆ ಕೆಲವರ ಮತ. ಅದೇನೇ ಇರಲಿ, ಬೆಂಟ್ಲಿಗಳ ಸತತವಾದ ಬೆನ್ನಟ್ಟುವಿಕೆಗೆ ಸಿಕ್ಕಿದ ಮರ್ಸಿಡಿಸ್ ಆ ರಾತ್ರಿಯೇ, ದೀಪಕ್ಕೂ ಕಿಡಿಗೂ ಆಧಾರವಾದ ವಿದ್ಯುತ್ತು ಬರಿದಾಗಿ, ಓಟವನ್ನು ಬಿಟ್ಟಿತು.

ಆದರೆ ಬೆನ್ನಟ್ಟಿದವನೂ ದಡ ಸೇರಲಿಲ್ಲ. ಪ್ಯಾಜೆಟ್‌ಳ ತಂಡದಿಂದ ಓಟಕ್ಕಿಳಿದ ಬ್ಲೋಯರ್ ಕಾರುಗಳು ಎರಡು. ಅವು ರಾತ್ರಿಯನ್ನು ಕಳೆದವು, ಬೆಳಗನ್ನೂ ಕಂಡವು. ಮುಕ್ತಾಯಕ್ಕೆ ಕೆಲವೇ ಗಂಟೆಗಳು ಉಳಿದಿರುವಾಗ, 130ಕ್ಕೂ ಹೆಚ್ಚು ಸುತ್ತುಗಳ ಅನಂತರ, ಎರಡರ ಎಂಜಿನ್ನುಗಳೂ ಒಂದರ ಹಿಂದೊಂದರಂತೆ ಮುರಿದುಬಿದ್ದವು. ಕಪ್ಪು ಹೊಗೆಯಿಲ್ಲದೆ, ಆರ್ಭಟವಿಲ್ಲದೆ, ಗಡಿಯಾರದಂತೆ ಓಡುತ್ತಿದ್ದ ಎರಡು ‘ಸ್ಪೀಡ್ ಸಿಕ್ಸ್’ ಕಾರುಗಳು ಮೊದಲನೆಯ ಮತ್ತು ಎರಡನೆಯ ಸ್ಥಾನಗಳನ್ನು ಪಡೆದವು. ಗೆದ್ದ ಕಾರನ್ನು ಬರ್ನಾಟೊ ಮತ್ತು ಗ್ಲೆನ್ ಕಿಡ್‌ಸ್ಟನ್ ಓಡಿಸಿದ್ದರು. ಬೆಂಟ್ಲಿಯ ಮಾತು ನಿಜವಾಯಿತು.

ಬ್ಲೋಯರ್ ಕಾರು ಕೇವಲ ಸೋಲಿನ ಕಾರಾಗಿತ್ತೆಂದು ಹೇಳಿದರೆ ಅನ್ಯಾಯವಾದೀತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ, ಪೌ ಎಂಬಲ್ಲಿ ನಡೆದ ಫ್ರೆಂಚ್ ಗ್ರಾಂ ಪ್ರಿ ಓಟದಲ್ಲಿ, ಹಗುರವಾದ ಬುಗಾಟಿಗಳ ನಡುವೆ ಬರ್ಕಿನ್ ಈ ಭಾರೀ ಕಾರನ್ನು ನುಗ್ಗಿಸಿ ಎರಡನೆಯವನಾಗಿ ಬಂದನು. 1932ರ ಮಾರ್ಚ್ 24ರಂದು ಬ್ರೂಕ್‌ಲ್ಯಾಂಡ್ಸಿನ ಹೊರಸುತ್ತಿನಲ್ಲಿ ಒಂಟಿ ಆಸನದ ಬ್ಲೋಯರ್ ಕಾರನ್ನು ಗಂಟೆಗೆ 137.96 ಮೈಲಿ ವೇಗದಲ್ಲಿ ಓಡಿಸಿ ಆ ಪಥದ ದಾಖಲೆಯನ್ನು ಮುರಿದನು. ಒಂದು ಸುತ್ತಿನ ವೇಗಕ್ಕೆ ಬ್ಲೋಯರ್ ಬೆಂಟ್ಲಿ ಎದುರಿಲ್ಲದ ವೀರ. ಸುತ್ತಿನ ಮೇಲೆ ಸುತ್ತು ಬಂದು, ಹಗಲು ರಾತ್ರಿಯಾಗಿ ರಾತ್ರಿ ಹಗಲಾಗುವವರೆಗೆ ನಿಲ್ಲಬೇಕಾದಾಗ ಮಾತ್ರ ಅದರ ಎದೆ ಒಡೆಯುತ್ತಿದ್ದಿತು. ದೊಡ್ಡ ಓಟವೊಂದನ್ನು ಅದು ಕೊನೆಗೂ ಗೆಲ್ಲಲಿಲ್ಲ.

ಮರುವರ್ಷದ ಉತ್ತರ

ಕಥೆ ಇಲ್ಲಿಗೆ ಮುಗಿದಿದ್ದರೆ, ಸೂಪರ್‌ಚಾರ್ಜರ್ ಎಂಬುದೇ ಎಂಜಿನ್ನಿನ ಶತ್ರುವೆಂದು ತೀರ್ಮಾನಿಸಿ ಬಿಡಬಹುದಾಗಿತ್ತು. ಆದರೆ 1931ರ ಜೂನ್ ತಿಂಗಳು ಈ ತೀರ್ಮಾನಕ್ಕೆ ಅವಕಾಶ ಕೊಡಲಿಲ್ಲ.

ಆ ವೇಳೆಗೆ ಪ್ಯಾಜೆಟ್ ತನ್ನ ಓಟದ ತಂಡವನ್ನು ಕೈಬಿಟ್ಟಿದ್ದಳು. ಬೆಂಟ್ಲಿ ಕಂಪನಿ ಸ್ಪರ್ಧೆಗಳಿಂದ ನಿವೃತ್ತವಾಗಿತ್ತು. ಬರ್ಕಿನ್ ಲ ಮಾನಿಗೆ ಹೋದದ್ದು ಇಟಲಿಯ ಆಲ್ಫಾ ರೋಮಿಯೋ ಕಾರಿನಲ್ಲಿ, ಹೋವ್ ಪ್ರಭುವಿನ ಜೊತೆಯಲ್ಲಿ. ಅದರ ಎಂಜಿನ್ 2.3 ಲೀಟರ್, ಬ್ಲೋಯರ್ ಬೆಂಟ್ಲಿಯ ಅರ್ಧಕ್ಕಿಂತ ತುಸು ದೊಡ್ಡದು. ಅದಕ್ಕೂ ಸೂಪರ್‌ಚಾರ್ಜರ್ ಉಂಟು. ಅದೂ ರೂಟ್ಸ್ ಮಾದರಿಯದೇ. ಅದೂ ಬಿಡುವಿಲ್ಲದೆ ತಿರುಗುವಂಥದೇ. ಅದೇ ರಸ್ತೆ, ಅದೇ 24 ಗಂಟೆ, ಅದೇ ಚಾಲಕ. ಈ ಸಲ ಎಂಜಿನ್ ಕಡೆಯವರೆಗೂ ಉಳಿಯಿತು. ಬರ್ಕಿನ್ ಮತ್ತು ಹೋವ್ 3,000 ಕಿಲೋಮೀಟರುಗಳನ್ನು ಮೀರಿ ಓಡಿ ಗೆದ್ದರು. ಲ ಮಾನಿನಲ್ಲಿ ಅಷ್ಟು ದೂರವನ್ನು ಅದಕ್ಕೆ ಹಿಂದೆ ಯಾರೂ ಕ್ರಮಿಸಿರಲಿಲ್ಲ. ಅದೇ ಮಾದರಿಯ ಕಾರು 1932, 1933, 1934ರಲ್ಲಿಯೂ ಅಲ್ಲಿ ಗೆದ್ದಿತು.

ವ್ಯತ್ಯಾಸ ಎಲ್ಲಿದ್ದಿತು? ಆಲ್ಫಾದ ಎಂಜಿನ್ನನ್ನು ರೂಪಿಸಿದ ವಿಟ್ಟೋರಿಯೊ ಯಾನೊ ಮೊದಲ ಗೆರೆಯನ್ನೆಳೆದಾಗಲೇ ಸೂಪರ್‌ಚಾರ್ಜರನ್ನು ಮನಸ್ಸಿನಲ್ಲಿರಿಸಿಕೊಂಡಿದ್ದನು. ಒಂದೇ ಭಾರವನ್ನು ನಾಲ್ಕು ದೊಡ್ಡ ಪಿಸ್ಟನ್ನುಗಳ ಮೇಲೆ ಹೊರಿಸದೆ ಎಂಟು ಚಿಕ್ಕ ಪಿಸ್ಟನ್ನುಗಳಿಗೆ ಹಂಚಿದನು. ಚಿಕ್ಕ ಪಿಸ್ಟನ್ನಿನ ನೆತ್ತಿಯ ಉಷ್ಣ ಅಂಚಿಗೆ ಬೇಗ ಹರಿದುಹೋಗುತ್ತದೆ. ಅದು ಕನೆಕ್ಟಿಂಗ್ ರಾಡನ್ನು ಜಗ್ಗುವುದೂ ಕಡಿಮೆ. ಬೆಂಟ್ಲಿಯ ಕ್ರ್ಯಾಂಕ್‌ಷಾಫ್ಟಿಗೆ 5 ಬೇರಿಂಗುಗಳಿದ್ದರೆ ಆಲ್ಫಾದ್ದಕ್ಕೆ 10. ಸೂಪರ್‌ಚಾರ್ಜರ್ ಎಂಜಿನ್ನಿನ ಪಕ್ಕದಲ್ಲಿಯೇ, ಅದರ ಮೈಯದೇ ಅಂಗವೆಂಬಂತೆ, ಕುಳಿತಿದ್ದಿತು. ಒಂದು ಮನೆಯನ್ನು ಎರಡು ಅಂತಸ್ತಿಗೆಂದೇ ಪಾಯ ಹಾಕಿ ಕಟ್ಟುವುದಕ್ಕೂ, ಒಂದು ಅಂತಸ್ತಿಗೆ ಕಟ್ಟಿದ ಮನೆಯ ಮೇಲೆ ಇನ್ನೊಂದನ್ನು ಏರಿಸುವುದಕ್ಕೂ ಇರುವ ಅಂತರ ಇದು.

ಹಾಗಾದರೆ ವಾದದಲ್ಲಿ ಗೆದ್ದವರಾರು? ಇಬ್ಬರೂ ಗೆದ್ದರು, ಇಬ್ಬರೂ ಸೋತರು. ಮುಂದಿನ ಓಟಗಳು ಸೂಪರ್‌ಚಾರ್ಜರಿನವೆಂದ ಬರ್ಕಿನ್ನನ ದೃಷ್ಟಿ ತಪ್ಪಾಗಿರಲಿಲ್ಲ. ತನ್ನ ಎಂಜಿನ್ ಅದಕ್ಕೆ ತಕ್ಕುದಲ್ಲವೆಂದ ಬೆಂಟ್ಲಿಯ ವಿವೇಕವೂ ತಪ್ಪಾಗಿರಲಿಲ್ಲ. ಆದರೆ ಆ ವಿವೇಕಕ್ಕೆ ದೊರೆತ ಪ್ರತಿಫಲ ಕಹಿಯಾದುದು. ಲೋಕವನ್ನೇ ಕವಿದ ಆರ್ಥಿಕ ಕುಸಿತದಲ್ಲಿ ದುಬಾರಿ ಕಾರುಗಳನ್ನು ಕೊಳ್ಳುವವರು ಇಲ್ಲವಾದರು. 1931ರ ಜುಲೈಯಲ್ಲಿ ಬೆಂಟ್ಲಿ ಕಂಪನಿ ದಿವಾಳಿಯೆದ್ದಿತು. ಅದೇ ವರ್ಷ ನವೆಂಬರಿನಲ್ಲಿ ರೋಲ್ಸ್ ರಾಯ್ಸ್ ಅದನ್ನು ಕೊಂಡಿತು. ತಾನು ಸ್ಥಾಪಿಸಿದ ಕಂಪನಿಯಲ್ಲಿಯೇ ಬೆಂಟ್ಲಿ ಪರರ ನೌಕರನಾದನು. ಬರ್ಕಿನ್ನನ ಗತಿ ಇನ್ನೂ ದುಃಖಕರ. 1933ರ ಮೇ ತಿಂಗಳಲ್ಲಿ ಟ್ರಿಪೋಲಿಯ ಓಟದಲ್ಲಿ ಕಾದ ಹೊಗೆಕೊಳವೆಗೆ ಅವನ ತೋಳು ತಗುಲಿ ಸುಟ್ಟಿತು. ಅದನ್ನು ಅವನು ಲೆಕ್ಕಿಸಲಿಲ್ಲ. ಹುಣ್ಣಿನ ನಂಜೋ ಹಳೆಯ ಮಲೇರಿಯವೋ, ಜೂನ್ 22ರಂದು, 36ನೆಯ ವಯಸ್ಸಿನಲ್ಲಿ ಅವನು ತೀರಿಕೊಂಡನು. ಯಂತ್ರದ ಮೈಯಾಗಲಿ ತನ್ನ ಮೈಯಾಗಲಿ ಎಚ್ಚರಿಕೆ ಕೊಟ್ಟಾಗ ನಿಲ್ಲುವುದು ಅವನ ಸ್ವಭಾವದಲ್ಲಿಯೇ ಇರಲಿಲ್ಲ.

ಇಂದಿನವರಿಗೆ ಉಳಿದ ಪಾಠ

ಬ್ಲೋಯರ್ ಬೆಂಟ್ಲಿ ಮಾತ್ರ ಸಾಯಲಿಲ್ಲ. ಕಾದಂಬರಿಕಾರ ಇಯಾನ್ ಫ್ಲೆಮಿಂಗ್ 1953ರಲ್ಲಿ ತನ್ನ ಗೂಢಚಾರ ನಾಯಕ ಜೇಮ್ಸ್ ಬಾಂಡನಿಗೆ ಕೊಟ್ಟ ಕಾರು ಇದೇ. ಬರ್ಕಿನ್ನನ ಒಂಟಿ ಆಸನದ ಕಾರು 2012ರ ಹರಾಜಿನಲ್ಲಿ 50 ಲಕ್ಷ ಪೌಂಡುಗಳನ್ನು ಮೀರಿದ ಬೆಲೆಗೆ ಹೋಯಿತು. ಬೆಂಟ್ಲಿ ಕಂಪನಿಯೇ 2019ರಲ್ಲಿ ಅದೇ ಹಳೆಯ ಮಾದರಿಯ 12 ಕಾರುಗಳನ್ನು ಹೊಸದಾಗಿ ಕಟ್ಟುವುದಾಗಿ ಸಾರಿತು. ಯಾವ ಕಾರನ್ನು ಬೆಂಟ್ಲಿ ತನ್ನದೆಂದು ಒಪ್ಪಲೊಲ್ಲದೆ ಇದ್ದನೋ, ಆತನ ಹೆಸರನ್ನು ಜನಸಾಮಾನ್ಯರ ಮನಸ್ಸಿನಲ್ಲಿ ಅಚ್ಚೊತ್ತಿದುದು ಆ ಕಾರೇ.

ಅಂದಿಗಿಂತ ಇಂದು ಸೂಪರ್‌ಚಾರ್ಜರ್ ಎಷ್ಟೋ ಸಾಧುವಾಗಿದೆ. ಒತ್ತಿ ಕಾದ ಗಾಳಿಯನ್ನು ‘ಇಂಟರ್‌ಕೂಲರ್’ ತಂಪುಗೊಳಿಸಿ ಒಳಕ್ಕೆ ಬಿಡುತ್ತದೆ. ನಾಕಿಂಗಿನ ಮೊದಲ ಸದ್ದನ್ನು ಆಲಿಸಲು ಎಂಜಿನ್ನಿನ ಮೈಗೆ ಸೂಕ್ಷ್ಮವಾದ ಕಿವಿಯನ್ನೇ ಅಳವಡಿಸಿರುತ್ತಾರೆ. ಅದು ಕೇಳಿದ ಒಡನೆ ವಿದ್ಯುನ್ಮಿದುಳು ಕಿಡಿಯ ಗಳಿಗೆಯನ್ನು ತಿದ್ದುತ್ತದೆ. ಕಾರ್ಖಾನೆಯಿಂದಲೇ ಸೂಪರ್‌ಚಾರ್ಜರ್ ಹೊತ್ತು ಬರುವ ಕಾರುಗಳು ಯಾವ ತಕರಾರೂ ಇಲ್ಲದೆ ವರ್ಷಗಟ್ಟಲೆ ಓಡುತ್ತವೆ. ಆದರೆ ಸಹಜವಾಗಿ ಉಸಿರಾಡಲೆಂದು ಕಟ್ಟಿದ ಕಾರಿಗೆ ಆಮೇಲೆ ಅದನ್ನು ಜೋಡಿಸುವವನ ಮುಂದೆ, ಅಂದು ವಿಲಿಯರ್ಸನ ಮುಂದಿದ್ದ ಪ್ರಶ್ನೆಗಳೇ ಇಂದೂ ನಿಲ್ಲುತ್ತವೆ.

ಎಂಜಿನ್ನಿನ ಈಗಿನ ಆರೋಗ್ಯವೇನು? ಸವೆದ ಎಂಜಿನ್ನಿಗೆ ಸೂಪರ್‌ಚಾರ್ಜರ್ ಜೋಡಿಸುವುದು ನಿತ್ರಾಣನಾದವನ ಹೆಗಲಿಗೆ ಮೂಟೆಯೇರಿಸಿದಂತೆ. ಸಿಲಿಂಡರಿನಲ್ಲಿ ಗಾಳಿಯನ್ನು ಒತ್ತುವ ಪ್ರಮಾಣವೆಷ್ಟು? ಅದು ಮೊದಲೇ ಹೆಚ್ಚಾಗಿದ್ದರೆ ಹೊರಗಿನಿಂದ ಹೇರಬಹುದಾದುದು ಅಲ್ಪ. ಹೆಚ್ಚಿನ ಗಾಳಿಗೆ ತಕ್ಕಷ್ಟು ಪೆಟ್ರೋಲು ಒದಗುತ್ತದೆಯೇ, ಆ ಪೆಟ್ರೋಲು ನಾಕಿಂಗನ್ನು ತಡೆಯುವ ಉತ್ತಮ ದರ್ಜೆಯದೇ? ಹೆಚ್ಚಿದ ಉಷ್ಣವನ್ನು ರೇಡಿಯೇಟರು ಹೊರಹಾಕಬಲ್ಲುದೇ? ಎಂಜಿನ್ ಉಳಿದರೂ ಕ್ಲಚ್ಚು, ಗೇರ್‌ಬಾಕ್ಸು, ಬ್ರೇಕುಗಳು ಹೊಸ ಬಲವನ್ನು ತಾಳಬಲ್ಲವೇ? ಇವಕ್ಕೆಲ್ಲ ತೃಪ್ತಿಕರವಾದ ಉತ್ತರ ದೊರೆತು, ಆಸೆಯೂ ಮಿತವಾಗಿದ್ದರೆ, ಹೊರಗಿನಿಂದ ಜೋಡಿಸಿದ ಸೂಪರ್‌ಚಾರ್ಜರ್ ಕೂಡ ಬಹುಕಾಲ ಬಾಳುತ್ತದೆ. ಎಂಜಿನ್ನುಗಳನ್ನು ಕೊಂದದ್ದು ಬಹುಮಟ್ಟಿಗೆ ಸೂಪರ್‌ಚಾರ್ಜರ್ ಅಲ್ಲ. ಇನ್ನು ಸ್ವಲ್ಪ, ಇನ್ನು ಸ್ವಲ್ಪ ಎಂಬ ಚಾಲಕನ ಚಪಲ.

ಕಾರಿನ ಶಕ್ತಿಯನ್ನು ಅಳೆಯಲು ಅಶ್ವಶಕ್ತಿ ಎಂಬ ಮಾನವಿದೆ. ವೇಗವನ್ನು ಅಳೆಯಲು ಮೈಲಿಗಲ್ಲುಗಳಿವೆ. ನೆಚ್ಚಿಕೆಯನ್ನು ಅಳೆಯಲು ಮಾತ್ರ ಕಾಲವೊಂದೇ ಮಾನ. ಹೊರಟ ಕಾರುಗಳಲ್ಲಿ ಯಾವುದು ಎಷ್ಟು ಗರ್ಜಿಸಿತೆಂಬುದನ್ನು ಲ ಮಾನಿನ ತೀರ್ಪುಗಾರರು ಬರೆದಿಟ್ಟುಕೊಳ್ಳುತ್ತಿರಲಿಲ್ಲ. ಮರುದಿನ ಮಧ್ಯಾಹ್ನ 4 ಗಂಟೆಗೆ ಯಾವುದು ಇನ್ನೂ ಓಡುತ್ತಿದೆಯೆಂಬುದನ್ನಷ್ಟೇ ನೋಡುತ್ತಿದ್ದರು.